ಕಡಲಿಲ್ಲದ ನಾಡಿನಲ್ಲಿ ಕಡಲ ಮೀನಿನ ತೊಟ್ಟಿ: ತಳಕ್ಕೆ ಯಾವ ಉಸುಕು?



ಕುಷ್ಟಗಿಯಿಂದ ತಾಯಿಯೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಪಡೆದರೆ ಕಡಲ ಮೀನುಗಳ ಅಕ್ವೇರಿಯಂ ಕೊಡಿಸುವುದಾಗಿ ಅವರ ಯಜಮಾನರು ಮಗನಿಗೆ ಮಾತು ಕೊಟ್ಟಿದ್ದರಂತೆ. ಮಗ ಅಂಕ ಪಡೆದ, ತಂದೆ ಮಾತು ಉಳಿಸಿಕೊಂಡರು. ಮೂರು ಅಡಿ ಉದ್ದದ ಗಾಜಿನ ತೊಟ್ಟಿ ಪಡಸಾಲೆಗೆ ಬಂದು ಕುಳಿತಿದೆ. ಈ ನಡುವೆ ಕುಟುಂಬವೆಲ್ಲ ಗೋಕರ್ಣಕ್ಕೆ ಹೋದಾಗ ಹುಡುಗ ಸಮುದ್ರದ ದಂಡೆಯಿಂದ ಎರಡು ಚೀಲ ಉಸುಕು ತುಂಬಿಕೊಂಡು ಬಂದಿದ್ದಾನೆ. ಅಂಗಡಿಯವರು ಒಡೆದ ಹವಳದ ಚೂರು ಹಾಕಿರೆನ್ನುತ್ತಾರೆ. ಮನೆಯ ಹಿರಿಯರಾದ ಮಾವನವರು ‘ತುಂಗಾ ಪಾನ, ಗಂಗಾ ಸ್ನಾನ’ ಎಂಬ ಗಾದೆಯನ್ನು ನೆನಪಿಸಿ, ನಮ್ಮ ತುಂಗಭದ್ರೆಯ ಉಸುಕಿಗಿಂತ ಶುದ್ಧವಾದದ್ದು ಮತ್ತಾವುದಿದೆ ಎನ್ನುತ್ತಾರೆ. ಈಗಾಗಲೇ ಸಾಕಷ್ಟು ಹಣ ಖರ್ಚಾಗಿದೆ, ಮೀನು ಸತ್ತರೆ ಹುಡುಗ ಬಹಳ ನೊಂದುಕೊಳ್ಳುತ್ತಾನೆ, ಇವುಗಳಲ್ಲಿ ಯಾವುದನ್ನು ಹಾಸಬೇಕೆಂದು ತಿಳಿಸಿರಿ ಎಂಬುದು ಆ ತಾಯಿಯ ಕೋರಿಕೆ.

ಮಾವನವರ ಮಾತನ್ನು ಓದಿದಾಗ ನನಗೆ ನಗುವಿಗಿಂತ ನಾಚಿಕೆಯೇ ಹೆಚ್ಚಾಯಿತು. ಅದೇ ಮಾತನ್ನು ಕೆಲವು ವರ್ಷಗಳ ಹಿಂದೆ ಗಂಗಾವತಿಯಲ್ಲಿರುವ ನನ್ನ ಮಗಳ ಮನೆಯಲ್ಲಿ ನಾನೇ ಆಡಿದ್ದೆ. ಮೊಮ್ಮಗ ಕೇಳಿದ, ನಾನು ಹೇಳಿದೆ. ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಬೋಧಿಸಿದವನ ಮಾತೆಂದು ಯಾರೂ ಎದುರಾಡಲಿಲ್ಲ. ಕಾಲುವೆಯ ಬದಿಯಿಂದ ನುಣ್ಣನೆಯ ಉಸುಕು ತರಿಸಿ, ಎರಡು ನೀರು ತೊಳೆದು, ಐದು ಅಂಗುಲ ದಪ್ಪ ಹಾಸಿದೆವು. ನೋಡಲು ಅಂದವಾಗಿಯೇ ಇತ್ತು. ಉಪ್ಪುನೀರು ತುಂಬಿ, ಆರನೆಯ ದಿನಕ್ಕೆ ಎರಡು ಕ್ಲೌನ್ ಮೀನುಗಳನ್ನು ಬಿಟ್ಟೆವು. ಮೂರು ವಾರ ಕಳೆದಿರಬೇಕು, ಏಪ್ರಿಲ್ ತಿಂಗಳ ಒಂದು ರಾತ್ರಿ ಮಳೆಗಾಳಿಗೆ ಕರೆಂಟು ಹೋಯಿತು, ಬೆಳಗಿನವರೆಗೂ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಎರಡೂ ಮೀನು ತಳದಲ್ಲಿ ಬಿದ್ದಿದ್ದವು. ಅವನ್ನು ತೆಗೆಯಲು ಮೊಮ್ಮಗ ಉಸುಕಿನಲ್ಲಿ ಕೈ ಆಡಿಸಿದಾಗ ಕೆಳಗಿನಿಂದ ಕಪ್ಪು ಕೆಸರೆದ್ದು, ಕೊಳೆತ ಮೊಟ್ಟೆಯಂಥ ದುರ್ನಾತ ಪಡಸಾಲೆಯನ್ನೆಲ್ಲ ತುಂಬಿತು. ಹುಡುಗ ಅಳಲಿಲ್ಲ. “ಅಜ್ಜಾ, ಹೊಳಿ ಉಸುಕು ನಡಿತೈತಿ ಅಂತ ನೀವ ಹೇಳಿದ್ರಲ್ಲಾ” ಎಂದಷ್ಟೇ ಅಂದ. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಆ ಬಳಿಕ ಈ ವಿಷಯದಲ್ಲಿ ಓದಿದ್ದೂ ಉಂಟು, ಬಲ್ಲವರನ್ನು ಕೇಳಿದ್ದೂ ಉಂಟು. ಅದನ್ನೇ ಆ ತಾಯಿಯ ಮುಂದೆಯೂ, ಇಂಥ ತೊಟ್ಟಿಯ ಕನಸು ಕಾಣುವ ಇತರ ಮನೆಗಳ ಮುಂದೆಯೂ ಇಡುತ್ತಿದ್ದೇನೆ. ‘ಫೈಂಡಿಂಗ್ ನೀಮೋ’ ಎಂಬ ಚಲನಚಿತ್ರ 2003ರಲ್ಲಿ ಬಂದ ಮೇಲೆ ಕೇಸರಿ-ಬಿಳಿ ಪಟ್ಟೆಯ ಆ ಮೀನನ್ನು ಕೇಳದ ಮಕ್ಕಳು ವಿರಳ.

ಮೊದಲು ತಳದಲ್ಲಿ ನಡೆಯುವ ಕೆಲಸವನ್ನು ತಿಳಿಯಬೇಕು. ಉಸುಕು ಕೇವಲ ಅಲಂಕಾರದ ವಸ್ತುವಲ್ಲ. ಮೀನಿನ ಮಲ, ಉಳಿದ ಆಹಾರ ಕೊಳೆತಾಗ ಅಮೋನಿಯ ಹುಟ್ಟುತ್ತದೆ. ಅದು ಮೀನಿಗೆ ವಿಷ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಜಾತಿಯವು ಅದನ್ನು ಅಷ್ಟೊಂದು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಈ ಜೀವಿಗಳಿಗೆ ನೆಲೆ ಬೇಕು. ಕಲ್ಲಿನ ಮೈ, ಉಸುಕಿನ ಹರಳು ಇವೇ ಅವುಗಳ ಮನೆ. ಅವು ನೆಲೆಗೊಂಡು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹೊಲದ ಶೇಂಗಾ ಬೇರಿನ ಗಂಟುಗಳನ್ನು ತೋರಿಸಿ ಸಾರಜನಕದ ಚಕ್ರವನ್ನು ಮೂವತ್ತು ವರ್ಷ ಪಾಠ ಮಾಡಿದವನು ನಾನು. ಅದೇ ಚಕ್ರ ಮಗಳ ಪಡಸಾಲೆಯ ತೊಟ್ಟಿಯಲ್ಲಿ ತಿರುಗಬೇಕೆಂಬುದು ಹೊಳೆಯಲಿಲ್ಲ. ಆರನೆಯ ದಿನಕ್ಕೆ ಮೀನು ಬಿಡಿಸಿದೆ. ಕಡಲ ನೀರಿನ ಪಿಎಚ್ 8.1ರಿಂದ 8.3ರಷ್ಟು, ಅಂದರೆ ಕ್ಷಾರದ ಕಡೆಗಿರುತ್ತದೆ. ಅಂಥ ನೀರಿನಲ್ಲಿ ಅಮೋನಿಯದ ವಿಷ ಸಿಹಿನೀರಿಗಿಂತ ತೀಕ್ಷ್ಣ. ಸಿಹಿನೀರಿನ ತೊಟ್ಟಿಯಲ್ಲಿ ನಡೆದುಹೋಗುವ ಆತುರ ಇಲ್ಲಿ ನಡೆಯುವುದಿಲ್ಲ.

ಗಾಳಿಯಾಡುವ ಮೇಲುಪದರದಲ್ಲಿ ಈ ಉಪಕಾರಿ ಜೀವಿಗಳಿದ್ದರೆ, ಆಮ್ಲಜನಕ ತಲುಪದ ಆಳದಲ್ಲಿ ಬೇರೆಯವೇ ಇರುತ್ತವೆ. ಅವುಗಳಲ್ಲಿ ಕೆಲವು ನೈಟ್ರೇಟನ್ನು ಒಡೆದು ಸಾರಜನಕವಾಗಿ ಹೊರಹಾಕುತ್ತವೆ, ಇದು ಒಳ್ಳೆಯದೇ. ಫ್ರಾನ್ಸಿನ ವಿಜ್ಞಾನಿ ಜಾನ್ ಜೋಬೆರ್ ಎಂಬವರು ಇದನ್ನೇ ನೆಚ್ಚಿ, ದಪ್ಪ ಉಸುಕಿನ ಕೆಳಗೆ ನೀರಿನ ಬರಿ ಪದರವೊಂದನ್ನು ಬಿಡುವ ವಿಧಾನವನ್ನು ರೂಪಿಸಿದರು. ಆದರೆ ಕೊಳೆ ಸೇರಿದ ಆಳದ ಉಸುಕಿನಲ್ಲಿ ಗಂಧಕದ ದುರ್ವಾಸನೆಯ ಅನಿಲವನ್ನು ಹುಟ್ಟಿಸುವ ಜೀವಿಗಳೂ ಉಂಟು. ನಮ್ಮ ಪಡಸಾಲೆಯನ್ನು ತುಂಬಿದ್ದು ಅದೇ ಹೈಡ್ರೋಜನ್ ಸಲ್ಫೈಡ್. ದಪ್ಪ ಹಾಸು ಪಳಗಿದ ಕೈಗೆ ಸಾಧ್ಯ, ಹೊಸಬರಿಗೆ ಸಲ್ಲದು.

ಅದಕ್ಕೂ ಮಿಗಿಲಾದ ಕಾರಣವೊಂದು ನಮ್ಮ ಸೀಮೆಯದೇ ಇದೆ. ದೊಡ್ಡ ಊರಿನವರು ಬರೆದ ಪುಸ್ತಕಗಳಲ್ಲಿ ಅದು ಸಿಗುವುದಿಲ್ಲ. ಉಸುಕಿನಲ್ಲಿರುವ ಕೋಟ್ಯಂತರ ಜೀವಿಗಳೂ ಮೀನಿನಂತೆಯೇ ಆಮ್ಲಜನಕವನ್ನು ಬಳಸುತ್ತವೆ. ಪಂಪು ನೀರನ್ನು ತಿರುಗಿಸುತ್ತಿರುವವರೆಗೆ ಎಲ್ಲರಿಗೂ ಸಾಲುತ್ತದೆ. ಕರೆಂಟು ಹೋಗಿ ನೀರು ನಿಂತಿತೋ, ಉಸುಕು ಎಷ್ಟು ದಪ್ಪವೋ, ಎಷ್ಟು ಕೊಳೆತುಂಬಿದೆಯೋ, ಅಷ್ಟು ಬೇಗ ಆಮ್ಲಜನಕ ತೀರುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ನಮ್ಮ ಕಡೆ ಈ ತೊಂದರೆ ಇಮ್ಮಡಿ, ಏಕೆಂದರೆ ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಆದ್ದರಿಂದ ಯಲಬುರ್ಗಾ, ಕುಷ್ಟಗಿಯಂಥ ಊರುಗಳಲ್ಲಿ ಮೊದಲ ತೊಟ್ಟಿ ಇಡುವವರು ಒಂದು ಅಂಗುಲ, ಹೆಚ್ಚೆಂದರೆ ಒಂದೂವರೆ ಅಂಗುಲಕ್ಕಿಂತ ದಪ್ಪ ಹಾಸಬಾರದೆಂದು ನಾನು ಹೇಳುತ್ತೇನೆ. ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ಉಸುಕಿಗಿಂತ ಮೊದಲೇ ಕೊಂಡಿಟ್ಟುಕೊಳ್ಳಬೇಕು.

ಇನ್ನು ಯಾವ ಉಸುಕು ಎಂಬ ಪ್ರಶ್ನೆ.

ಕಡಲ ಮೀನಿನ ತೊಟ್ಟಿಗೆ ರೂಢಿಯಲ್ಲಿರುವುದು ಅರಗೊನೈಟ್ ಎಂಬ ಬಿಳಿಯ ಉಸುಕು. ಹೆಸರು ಹೊಸದು, ವಸ್ತು ಹಳೆಯದೇ. ನಾವು ಎಲೆಗೆ ಹಚ್ಚುವ ಸುಣ್ಣವನ್ನು ಯಾವ ಚಿಪ್ಪು, ಯಾವ ಕಲ್ಲಿನಿಂದ ಸುಡುತ್ತಾರೋ ಅದೇ ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ಹರಳುರೂಪ. ಹವಳ ಮತ್ತು ಅನೇಕ ಚಿಪ್ಪುಗಳು ತಮ್ಮ ಮೈಯನ್ನು ಕಟ್ಟುವುದು ಇದರಿಂದಲೇ. ಅಟ್ಲಾಂಟಿಕ್ ಸಾಗರದ ಬಹಾಮ ದ್ವೀಪಗಳ ಸುತ್ತ ಆಳವಿಲ್ಲದ ಬೆಚ್ಚನೆಯ ನೀರಿನಲ್ಲಿ ಇದು ತಾನಾಗಿಯೇ ಸಾಸಿವೆಗಿಂತ ಸಣ್ಣ ಗುಂಡು ಹರಳುಗಳಾಗಿ ಕೂಡಿಕೊಳ್ಳುತ್ತದೆ. ಚೀಲಗಳಲ್ಲಿ ಮಾರಾಟಕ್ಕೆ ಬರುವುದರಲ್ಲಿ ಅಲ್ಲಿಯದೂ ಉಂಟು. ಲಕ್ಷದ್ವೀಪದಂಥ ಹವಳದ್ವೀಪಗಳ ಬೆಳ್ಳನೆಯ ದಂಡೆಗೂ ಹವಳದ ಪುಡಿಯೇ ಮೂಲ. ಅದರಲ್ಲಿ ಒಂದು ಪಾಲು ಗಿಣಿಮೂತಿಯ ಮೀನುಗಳು ಹವಳದ ಬಂಡೆಯನ್ನು ಕೆರೆದು ತಿಂದು, ಅರೆದು, ಹೊರಹಾಕಿದ್ದು! ಇದನ್ನು ಕೇಳಿದ ಮೊಮ್ಮಗ ಬಹಳ ಹೊತ್ತು ನಕ್ಕ. ಮೀನು ಸತ್ತ ಮೇಲೆ ಅವನು ನಕ್ಕಿದ್ದು ಅಂದೇ ಮೊದಲು.

ಈ ಉಸುಕು ಹಾಕಿದರೆ ಪಿಎಚ್ ತಾನಾಗಿಯೇ 8.3ರಲ್ಲಿ ನಿಲ್ಲುತ್ತದೆಂದು ಮಾರುವವರು ಹೇಳುವುದುಂಟು. ಅದು ಪೂರ್ಣ ನಿಜವಲ್ಲ. ಒಳ್ಳೆಯ ಕಡಲ ನೀರಿನಲ್ಲಿ ಅರಗೊನೈಟ್ ಕರಗುವುದೇ ಇಲ್ಲ. ನೀರು ಕೆಟ್ಟು ಆಮ್ಲದ ಕಡೆ ವಾಲಿದಾಗ, ಅದೂ ಉಸುಕಿನ ಒಳಪದರದಲ್ಲಿ, ಸ್ವಲ್ಪ ಕರಗಿ ಆಸರೆಯಾಗುತ್ತದೆ, ಅಷ್ಟೆ. ನೀರಿನ ಗುಣವನ್ನು ಕಾಯುವುದು ಆಗಾಗ ಒಂದು ಪಾಲು ನೀರನ್ನು ಬದಲಿಸುವ ನಮ್ಮ ಕೈಯೇ ಹೊರತು ಉಸುಕಲ್ಲ. ಆದರೂ ಅದು ಕಡಲಿನದೇ ವಸ್ತು, ನೀರಿಗೆ ಪರಕೀಯವಾದದ್ದನ್ನು ಬಿಡುವುದಿಲ್ಲ, ಬಿಳಿ ನೆಲದ ಮೇಲೆ ಕೊಳೆ ಎಲ್ಲಿ ಕೂತಿದೆಯೆಂಬುದು ಮಗುವಿನ ಕಣ್ಣಿಗೂ ಕಾಣುತ್ತದೆ. ಇಷ್ಟು ಸಾಕು.

ಹರಳಿನ ಗಾತ್ರದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ತೀರ ನುಣ್ಣನೆಯದು ಪಂಪಿನ ಸೆಳೆತಕ್ಕೆ ಹಾರಿ ನೀರನ್ನು ಕಲಕುತ್ತದೆ. ಒಡೆದ ಹವಳದ ಚೂರು, ಜೋಳದ ಕಾಳಿನಷ್ಟು ದಪ್ಪದ್ದು, ತನ್ನ ಸಂದುಗಳಲ್ಲಿ ಎಂಜಲನ್ನೂ ಮಲವನ್ನೂ ಅಡಗಿಸಿಕೊಂಡು ನೀರನ್ನು ಮೆಲ್ಲಮೆಲ್ಲನೆ ಕೆಡಿಸುತ್ತದೆ. ಹಾಗಾದರೆ ಹಳೆಯ ಪುಸ್ತಕಗಳು ಅದನ್ನೇ ಏಕೆ ಹೊಗಳುತ್ತವೆ? ಹಿಂದೆ ತೊಟ್ಟಿಯ ತಳದಲ್ಲಿ ತೂತುಗಳಿರುವ ಪ್ಲಾಸ್ಟಿಕ್ ತಟ್ಟೆಯಿಟ್ಟು, ಅದರ ಮೇಲಿನ ಹಾಸಿನ ಮೂಲಕವೇ ನೀರನ್ನು ಕೆಳಗೆ ಸೆಳೆಯುವ ಸೋಸುವ ಪದ್ಧತಿಯಿತ್ತು. ಅದಕ್ಕೆ ನೀರಿಳಿಯುವಂಥ ದಪ್ಪ ಚೂರು ಬೇಕಿತ್ತು. ಪದ್ಧತಿ ಬಹುಮಟ್ಟಿಗೆ ಹೋಯಿತು, ಸಲಹೆ ಮಾತ್ರ ಉಳಿಯಿತು. ಈಗ ಹೊಸಬರಿಗೆ ಒಂದರಿಂದ ಎರಡು ಮಿಲಿಮೀಟರಿನ ಹರಳು, ನಮ್ಮ ಅಡುಗೆಮನೆಯ ಲೆಕ್ಕದಲ್ಲಿ ಸಣ್ಣ ರವೆಗಿಂತ ದಪ್ಪ, ನವಣೆಗಿಂತ ಹೆಚ್ಚು ದೊಡ್ಡದಲ್ಲದ್ದು ಸರಿಹೋಗುತ್ತದೆ. ಉಸುಕನ್ನು ಬಾಯಲ್ಲಿ ಜಾಲಿಸುವ ಅಥವಾ ರಾತ್ರಿ ಅದರಲ್ಲಿ ಹೂತು ಮಲಗುವ ಮೀನುಗಳಿಗೆ ಇನ್ನೂ ನುಣುಪಾದದ್ದು ಬೇಕು. ಅಂಥ ಮೀನು ಮೊದಲ ವರ್ಷ ಬೇಡ.

ಒಡೆದ ಹವಳದ ವಿಷಯದಲ್ಲಿ ಮತ್ತೊಂದು ಮಾತನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. ನಮ್ಮ ದೇಶದಲ್ಲಿ ಬಂಡೆಗಟ್ಟುವ ಹವಳಗಳನ್ನು 2001ರಲ್ಲಿಯೇ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಲಾಗಿದೆ. ಹುಲಿಗೆ ಯಾವ ರಕ್ಷಣೆಯೋ ಹವಳಕ್ಕೂ ಅದೇ. ಇಲ್ಲಿಯ ಕಡಲಿನಿಂದ ತೆಗೆದ ಹವಳವನ್ನು, ಸತ್ತದ್ದಾದರೂ ಸರಿ, ಮಾರುವುದು ಕೊಳ್ಳುವುದು ಅಪರಾಧ. ಕಾರಣವಿಲ್ಲದೆ ಈ ಕಾನೂನು ಬಂದಿಲ್ಲ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕೂ ಕಟ್ಟಡಕ್ಕೂ ದಶಕಗಳ ಕಾಲ ಹವಳವನ್ನು ಕಿತ್ತರು. 1986ರಲ್ಲಿ ಅಲ್ಲಿಯ 21 ದ್ವೀಪಗಳನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು; ಅವುಗಳಲ್ಲಿ ಎರಡು ನೀರಿನಡಿಗೆ ಸೇರಿಹೋದವು. ಸುತ್ತಣ ಹವಳವನ್ನು ಕಿತ್ತದ್ದೇ ಅದಕ್ಕೆ ಮುಖ್ಯ ಕಾರಣವೆಂದು ಬಲ್ಲವರ ಅಭಿಪ್ರಾಯ. ನಮ್ಮ ರಾಜ್ಯದಲ್ಲಿಯೂ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಆದ್ದರಿಂದ ಅಂಗಡಿಯವರು ಚೂರನ್ನು ಬಿಡಿಯಾಗಿ ತೂಗಿ ಕೊಟ್ಟರೆ, ಎಲ್ಲಿಯದೆಂದು ಕೇಳಿರಿ. ತಯಾರಕರ ಹೆಸರು, ಮೂಲದ ದೇಶ ಅಚ್ಚಾಗಿರುವ ಮುಚ್ಚಿದ ಚೀಲ ಮತ್ತು ರಸೀದಿ ದೊರೆಯದಿದ್ದರೆ ಬಿಟ್ಟುಬಿಡಿರಿ. ಮಗುವಿನ ಸಂತೋಷಕ್ಕೆಂದು ತಂದ ವಸ್ತು ಕದ್ದ ಮಾಲಾಗಿರಬಾರದು.

ಮಾವನವರ ಹೊಳೆಯ ಉಸುಕಿಗೆ ಬರೋಣ. ತುಂಗಭದ್ರೆಯ ಉಸುಕು ಬಹುಪಾಲು ಬೆಣಚುಕಲ್ಲಿನ ಪುಡಿ, ಅಂದರೆ ಸಿಲಿಕಾ. ಅದು ವಿಷವಲ್ಲ, ತೊಳೆದ ಶುದ್ಧ ಬೆಣಚಿನ ಉಸುಕಿನಿಂದ ಕಡಲ ತೊಟ್ಟಿ ನಡೆಸಿದವರೂ ಇದ್ದಾರೆ. ತೊಡಕು ಅದರ ಜೊತೆಗೆ ಬರುವುದರಲ್ಲಿದೆ. ಒಂದು ಅಯಸ್ಕಾಂತವನ್ನು ಒಣ ಉಸುಕಿನಲ್ಲಿ ಎಳೆದಾಡಿದರೆ ಕಪ್ಪು ಕಬ್ಬಿಣದ ಪುಡಿ ಮೀಸೆಯಂತೆ ಅಂಟಿಕೊಳ್ಳುವುದನ್ನು ಮಕ್ಕಳೂ ಬಲ್ಲರು. ಜೊತೆಗೆ ಮೆಕ್ಕಲು, ಕೊಳೆತ ಎಲೆಬೇರು. ಗಂಗಾವತಿಯ ಭತ್ತದ ಗದ್ದೆಗಳಿಂದ ಬಸಿದು ಬರುವ ಗೊಬ್ಬರ, ಔಷಧಿಗಳ ಅಂಶ ಕಾಲುವೆಯ ಹೂಳಿನಲ್ಲಿ ಇಲ್ಲವೆಂದು ಯಾರು ಹೇಳಬಲ್ಲರು? ನಮ್ಮ ತೊಟ್ಟಿಯನ್ನು ಕೆಡಿಸಿದ್ದು ತುಂಗಭದ್ರೆಯಲ್ಲ, ಆ ಮೆಕ್ಕಲು, ಅದರ ದಪ್ಪ ಮತ್ತು ನನ್ನ ಆತುರ.

ಕೊಪ್ಪಳದ ಸ್ನೇಹಿತರೊಬ್ಬರು ಕೇಳಿದರು: ಸುಣ್ಣದ ವಸ್ತುವೇ ಬೇಕೆಂದರೆ ಎರೆಹೊಲದಲ್ಲಿ ಸಿಗುವ ಸುಣ್ಣದ ಹರಳುಗಳನ್ನೇ ಆಯ್ದು ಹಾಕಿದರಾಗದೆ? ಒಳ್ಳೆಯ ಪ್ರಶ್ನೆ. ನಿಂಬೆರಸ ಹಿಂಡಿದರೆ ಅವೂ ನೊರೆಗಟ್ಟುತ್ತವೆ. ಆದರೆ ಅವು ಮಣ್ಣನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಬೆಳೆದವು, ಎಷ್ಟು ತೊಳೆದರೂ ಜಿಗುಟು ಬಿಡುತ್ತಲೇ ಇರುತ್ತವೆ. ಅಮೃತಶಿಲೆಯ ಚೂರು ಸ್ವಚ್ಛವಾದದ್ದು, ಆದರೆ ಮತ್ತೆ ಅದೇ ದಪ್ಪ ಚೂರಿನ ತೊಂದರೆ. ಸಿಹಿನೀರಿನ ತೊಟ್ಟಿಗೆಂದು ಮಾರುವ ಬಣ್ಣದ ಹರಳುಗಳನ್ನಂತೂ ಮನೆಯೊಳಗೆ ತರುವುದೇ ಬೇಡ. ನಿಂಬೆರಸದ ಪರೀಕ್ಷೆಯನ್ನು ಮಾತ್ರ ನೆನಪಿಡಿರಿ: ಅರಗೊನೈಟ್ ಎಂದು ಕೊಟ್ಟ ಚೀಲದಿಂದ ಒಂದು ಚಿಟಿಕೆ ತೆಗೆದು ರಸ ಹಾಕಿದಾಗ ಗುಳ್ಳೆ ಏಳದಿದ್ದರೆ ಅದು ಬೆಣಚಿನ ಪುಡಿ, ಮೋಸ ಹೋಗಿದ್ದೀರಿ ಎಂದರ್ಥ.

ಎಷ್ಟು ಬೇಕೆಂಬ ಲೆಕ್ಕ ಸುಲಭ. ಆ ತಾಯಿಯ ತೊಟ್ಟಿ 90 ಸೆಂಟಿಮೀಟರ್ ಉದ್ದ, 45 ಅಗಲ ಎಂದುಕೊಂಡರೆ, 3 ಸೆಂಟಿಮೀಟರ್ ದಪ್ಪಕ್ಕೆ 12 ಲೀಟರ್ ಉಸುಕು ಬೇಕು. ತೂಕದಲ್ಲಿ ಸುಮಾರು 18 ಕಿಲೋ. ಅಂಗಡಿಯವರು 40 ಕಿಲೋ ಬರೆದುಕೊಟ್ಟರೆ ಚೀಟಿಯನ್ನು ಹಿಂದಿರುಗಿಸಿರಿ. ಒಣ ಉಸುಕನ್ನು ಬಕೆಟಿನಲ್ಲಿ ಹಾಕಿ ಅಕ್ಕಿ ತೊಳೆದಂತೆ ಕಲಗಚ್ಚು ತಿಳಿಯಾಗುವವರೆಗೆ ತೊಳೆಯಬೇಕು. ಹತ್ತು ಹನ್ನೆರಡು ನೀರಾದರೂ ಬೇಕಾದೀತು. ಸೂಕ್ಷ್ಮಜೀವಿಗಳ ಸಹಿತ ಒದ್ದೆಯಾಗಿ ಬರುವ ‘ಜೀವಂತ ಉಸುಕು’ ಎಂಬುದೊಂದಿದೆ, ಅದನ್ನು ತೊಳೆಯಬಾರದು. ನಮ್ಮ ಬಿಸಿಲಿನಲ್ಲಿ ಲಾರಿಯಲ್ಲಿ ಬೆಂದು ಬರುವ ಚೀಲದಲ್ಲಿ ಜೀವ ಎಷ್ಟು ಉಳಿದಿರುತ್ತದೆಂಬ ಅನುಮಾನ ನನಗಿದೆ. ಆರೋಗ್ಯವಂತ ತೊಟ್ಟಿಯಿರುವ ಪರಿಚಿತರಿಂದ ಒಂದು ಮುಷ್ಟಿ ಉಸುಕು ತಂದು ಬೆರೆಸಿದರೆ, ಹಾಲಿಗೆ ಹೆಪ್ಪು ಹಾಕಿದಂತೆ ಕೆಲಸ ಮಾಡುತ್ತದೆ.

ಕಲ್ಲುಗಳನ್ನು ಮೊದಲು ಗಾಜಿನ ಮೇಲೆಯೇ ಅಲುಗದಂತೆ ಕೂಡಿಸಿ, ಆ ಬಳಿಕ ಸುತ್ತ ಉಸುಕು ಸುರಿಯಬೇಕು. ಉಸುಕಿನ ಮೇಲೆ ಕಲ್ಲಿಟ್ಟರೆ ಮುಂದೆ ಯಾವುದೋ ಮೀನು ಕೆಳಗೆ ಬಗೆದು ಕಲ್ಲು ಉರುಳಿ ಗಾಜು ಒಡೆದೀತು. ನೀರು ಸುರಿಯುವಾಗ ತಳದಲ್ಲಿ ಒಂದು ತಟ್ಟೆಯಿಟ್ಟು ಅದರ ಮೇಲೆ ಸುರಿಯಿರಿ. ಒಂದೆರಡು ದಿನ ನೀರು ಮಜ್ಜಿಗೆಯಂತೆ ಕಾಣುತ್ತದೆ, ಹೆದರಬಾರದು.

ಉಪ್ಪು ಬೆರೆಸುವ ನೀರಿನ ಬಗ್ಗೆ ಒಂದೇ ಮಾತು. ನಮ್ಮ ಕುಷ್ಟಗಿ, ಯಲಬುರ್ಗಾ ಭಾಗದ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚೆಂಬುದು ತಿಳಿದ ಸಂಗತಿ. ಕಡಲ ನೀರಿನಲ್ಲಿಯೂ ಸ್ವಭಾವತಃ ಲೀಟರಿಗೆ 1.3 ಮಿಲಿಗ್ರಾಂ ಫ್ಲೋರೈಡ್ ಇರುವುದರಿಂದ ಇಲ್ಲಿ ಅದಕ್ಕಿಂತ ಆ ನೀರಿನಲ್ಲಿ ಕರಗಿರುವ ಸಿಲಿಕೇಟ್, ನೈಟ್ರೇಟ್‌ಗಳ ಚಿಂತೆ ಹೆಚ್ಚು. ಅವು ಬಿಳಿಯ ಉಸುಕಿನ ಮೇಲೆ ಕಂದು ಬಣ್ಣದ ಪಾಚಿಯನ್ನು ಬೆಳೆಸುತ್ತವೆ. ಆರ್.ಓ. ನೀರನ್ನೇ ಬಳಸಿರಿ. ಹಾಗೆ ಮಾಡಿದರೂ ಮೊದಲ ವಾರಗಳಲ್ಲಿ ಆ ಕಂದು ಪದರ ಅಲ್ಪಸ್ವಲ್ಪ ಬಂದು ಹೋಗುತ್ತದೆ, ಅದಕ್ಕಾಗಿ ಉಸುಕನ್ನು ಹೊರಗೆ ಚೆಲ್ಲಬೇಕಾಗಿಲ್ಲ.

ಏನನ್ನೂ ಹಾಸದೆ ಬರಿಗಾಜನ್ನೇ ಬಿಡುವ ಪದ್ಧತಿಯೂ ಇದೆ. ಕೊಳೆ ತೆಗೆಯಲು ಅದಕ್ಕಿಂತ ಸುಲಭವಾದದ್ದಿಲ್ಲ. ಸೂಕ್ಷ್ಮಜೀವಿಗಳಿಗೆ ಕಲ್ಲುಗಳೇ ಸಾಕು. ನಂಬಿಕೆಯ ಉಸುಕು ಸಿಗುವವರೆಗೆ ಹಾಗೆಯೇ ಬಿಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಮಕ್ಕಳು ಒಪ್ಪುವುದಿಲ್ಲ. ಅವರಿಗೆ ಬೇಕಾದದ್ದು ಕಡಲು, ಗಾಜಿನ ಪೆಟ್ಟಿಗೆಯಲ್ಲ.

ಮೊಮ್ಮಗನ ತೊಟ್ಟಿಯನ್ನು ಎರಡನೆಯ ಸಲ ಹೂಡಿದಾಗ ಹೀಗೆಯೇ ಮಾಡಿದೆವು. ಒಂದು ಅಂಗುಲ ಅರಗೊನೈಟ್, ಕಲ್ಲು, ಉಪ್ಪುನೀರು, ಆ ಬಳಿಕ ಬರಿಯ ಕಾಯುವಿಕೆ. ಹುಡುಗ ಅಮೋನಿಯದ ಪರೀಕ್ಷೆಯನ್ನು ದಿನ ಬಿಟ್ಟು ದಿನ ಮಾಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟ. ಅಮೋನಿಯ ಏರಿತು, ಇಳಿಯಿತು. ನೈಟ್ರೈಟ್ ಏರಿತು, ಇಳಿಯಿತು. ಬಂದ ನೆಂಟರೆಲ್ಲ ಮೀನಿಲ್ಲದ ತೊಟ್ಟಿಯನ್ನು ನೋಡಿ ನಕ್ಕರು. ನಲವತ್ತೊಂದನೆಯ ದಿನ ಎರಡು ಕ್ಲೌನ್ ಮೀನು ತಂದ. ಕಡಲಿನಿಂದ ಹಿಡಿದವಲ್ಲ, ಮರಿಕೇಂದ್ರದಲ್ಲಿ ಹುಟ್ಟಿ ಬೆಳೆದವು. ಇವುಗಳ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ. ಈಗ ಕರೆಂಟು ಹೋದರೆ ಮನೆಯಲ್ಲಿ ಮೊದಲು ಕೇಳಿಸುವುದು ಬ್ಯಾಟರಿ ಪಂಪಿನ ಸದ್ದು. ದೀಪ ಹಚ್ಚುವುದು ಆಮೇಲೆ.

ಇನ್ನು ಗೋಕರ್ಣದಿಂದ ಬಂದ ಎರಡು ಚೀಲ. ಕರಾವಳಿಯ ನಮ್ಮ ದಂಡೆಗಳ ಉಸುಕು ಬಹುಪಾಲು ಬೆಣಚಿನದೇ. ಅದರಲ್ಲಿ ಚಿಪ್ಪಿನ ಚೂರು, ಸತ್ತ ಜೀವಿಗಳ ಅವಶೇಷ, ದೋಣಿಗಳ ಎಣ್ಣೆ ಏನೆಲ್ಲ ಸೇರಿರುತ್ತದೆ. ತೊಟ್ಟಿಗೆ ಬೇಡ. ದಂಡೆಯ ಉಸುಕನ್ನು ಒಯ್ಯುವುದು ಕರಾವಳಿ ನಿಯಂತ್ರಣದ ನಿಯಮಗಳಿಗೂ ಒಪ್ಪುವಂಥದಲ್ಲ. ಉಪ್ಪಿನ ಅಂಶವಿರುವುದರಿಂದ ಹಿತ್ತಲಿನ ಹೂಗಿಡಗಳಿಗೂ, ಮನೆಯ ಗಿಲಾಯಿಗೂ ಅದು ಬರುವುದಿಲ್ಲ. ಆ ಕಡೆ ಹೋಗುವವರು ಯಾರಾದರೂ ಇದ್ದರೆ ಕೊಟ್ಟು ಕಳುಹಿಸಿರಿ, ತಂದ ದಂಡೆಯಲ್ಲಿಯೇ ಸುರಿದು ಬರಲಿ. ಅದರಲ್ಲಿ ಒಳ್ಳೆಯ ಚಿಪ್ಪೇನಾದರೂ ಇದ್ದರೆ ಒಂದನ್ನು ತೊಳೆದು ಹುಡುಗ ಮೇಜಿನ ಮೇಲಿಟ್ಟುಕೊಳ್ಳಲಿ. ನಿಂಬೆರಸದ ಪರೀಕ್ಷೆಯನ್ನು ಅದರ ಮೇಲೆ ಮಾಡದಿರಲಿ, ಹೊಳಪು ಹೋಗುತ್ತದೆ.